ಕತಾರ್‌ಗಾಮ್‌ನ ಹಳದಿ ದೀಪ

ಕತಾರ್‌ಗಾಮ್‌ಗೆ ಬಂದು ಆರು ವರ್ಷವಾಗಿದ್ದರೂ ಈ ಊರನ್ನು ನಾನು ಕಣ್ಣುಬಿಟ್ಟು ನೋಡಿದ್ದು ಕಾರು ಕೈಕೊಟ್ಟ ಆ ಶುಕ್ರವಾರವೇ. ಸೂರತ್‌ನ ಉತ್ತರಕ್ಕೆ ತಾಪಿ ನದಿ. ಆಚೆ ಅಮ್ರೋಲಿ, ಈಚೆ ನಾವು. ಗುಜರಾತಿಯಲ್ಲಿ ಗಾಮ್ ಅಂದರೆ ಹಳ್ಳಿ. ಆದರೆ ಹೆಸರು ಬಿಟ್ಟು ಬೇರೆಲ್ಲೂ ಹಳ್ಳಿ ಉಳಿದಿಲ್ಲ. ಒಂದು ಬೀದಿಯಲ್ಲಿ ಪವರ್‌ಲೂಮ್ ಸದ್ದು, ಮುಂದಿನ ಬೀದಿಯಲ್ಲಿ ವಜ್ರ ಉಜ್ಜುವ ಕಾರ್ಖಾನೆಗಳು. ಸೌರಾಷ್ಟ್ರದಿಂದ ಬಂದ ಸಾವಿರಾರು ಜನ ಇಲ್ಲಿ ದಿನವಿಡೀ ತಲೆ ತಗ್ಗಿಸಿ ಸಾಸಿವೆಯಷ್ಟು ಕಲ್ಲಿಗೆ ಮುಖ ಕೊಡುತ್ತಾ ಕೂರುತ್ತಾರೆ. ಅವರೂ ನಮ್ಮ ಹಾಗೆ ವಲಸಿಗರೇ. ದೀಪಾವಳಿಗೆ ಅವರು ಊರಿಗೆ ಹೊರಟರೆ ನಮ್ಮ ಬೀದಿಯಲ್ಲಿ ಚಹಾ ಸಿಗುವುದೂ ಕಷ್ಟ.

ದಸರೆ ಮುಗಿಸಿಕೊಂಡು ಅವ್ವ ಹುಬ್ಬಳ್ಳಿಯಿಂದ ಬಂದಿದ್ದಳು. ಜನವರಿಯ ಎರಡನೇ ವಾರ ಫೋನ್ ಬಂತು. ಸೋಮವಾರ ಬೆಳಿಗ್ಗೆ ಸೋದರಮಾವನಿಗೆ ಹೃದಯದ ಆಪರೇಷನ್. "ಒಳಗ ಕರ್ಕೊಂಡು ಹೋಗೋದ್ರಾಗ ಅವನ ಮಾರಿ ನೋಡ್ಬೇಕು ನಾನು" ಅಂದಳು ಅವ್ವ. ಸಂಕ್ರಾಂತಿಯ ಕಾಲ, ರೈಲಿನಲ್ಲಿ ವೇಟಿಂಗ್ ಲಿಸ್ಟ್. ಶನಿವಾರ ನಸುಕಿನಲ್ಲಿ ಕಾರಿನಲ್ಲೇ ಹೊರಡೋಣ, ಪುಣೆಯಲ್ಲಿ ರಾತ್ರಿ ಮಲಗಿ ಭಾನುವಾರ ಊರು ಸೇರೋಣ ಅಂತ ಲೆಕ್ಕ ಹಾಕಿದೆ. ಸೂರತ್ ಪಕ್ಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಹುಬ್ಬಳ್ಳಿಯನ್ನೂ ಮುಟ್ಟಿಯೇ ಮುಂದೆ ಹೋಗುತ್ತದೆ, 800 ಕಿ.ಮೀ.ಗೂ ಮೀರಿದ ದಾರಿ, ಆದರೆ ದಾರಿ ಕೇಳುವ ಪ್ರಮೇಯ ಕಡಿಮೆ.

ಶುಕ್ರವಾರ ಬೆಳಿಗ್ಗೆ ಸಿಎನ್‌ಜಿ ತುಂಬಿಸಲು ಹೊರಟರೆ ಸ್ಟೀರಿಂಗ್ ಹಿಂದೆ ಹಳದಿ ದೀಪ. ಎಂಜಿನ್ ಆಕಾರದ ಆ ಚಿತ್ರ ಅವ್ವನಿಗೆ ನಲ್ಲಿಯ ಹಾಗೆ ಕಂಡಿತು. "ನೀರು ಹಾಕ್ಬೇಕೇನೋ?" ಅಂದಳು.

ಸರ್ವಿಸ್ ಸೆಂಟರ್ ಒಂದಕ್ಕೆ ಒಯ್ದೆ. ಹುಡುಗ ಸ್ಕ್ಯಾನರ್ ಚುಚ್ಚಿದ, ಪಿ0171 ಅಂತ ಬಂತು. ಎರಡೇ ನಿಮಿಷದಲ್ಲಿ ತೀರ್ಪು: ಆಕ್ಸಿಜನ್ ಸೆನ್ಸರ್ ಹೋಗಿದೆ, ಎಂಟು ಸಾವಿರ ಆಗುತ್ತೆ, ಪಾರ್ಟ್ ಬರಲು ಮೂರು ದಿನ. ದುಡ್ಡಿಗಿಂತ ಆ ಮೂರು ದಿನ ನನ್ನ ಹೊಟ್ಟೆಯಲ್ಲಿ ಕಲ್ಲು ಇಟ್ಟಂತಾಯಿತು. ಹೇಗೂ ಕಾರು ಓಡುತ್ತಿದೆಯಲ್ಲ, ದೀಪ ಉರಿದರೆ ಉರಿಯಲಿ ಅಂತ ಹೊರಟುಬಿಡುವ ಯೋಚನೆಯೂ ಬಂತು. ಸುಳ್ಳು ಯಾಕೆ ಹೇಳಲಿ, ಅರ್ಧ ತೀರ್ಮಾನವನ್ನೇ ಮಾಡಿದ್ದೆ.

ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರ ಹಿಂದಿನ ಗಲ್ಲಿಯ ಗ್ಯಾರೇಜ್ ತೋರಿಸಿದ. ಎರಡು ಕಾರು ನಿಂತರೆ ತುಂಬಿಹೋಗುವ ಜಾಗ. ಅದರ ಯಜಮಾನನನ್ನು ಎಲ್ಲರೂ ಕರೆಯುವುದು ಕಾಕಾ ಅಂತ. ನಮ್ಮ ಕಡೆಯೂ ಅಪ್ಪನ ತಮ್ಮ ಕಾಕಾನೇ ಆದ್ದರಿಂದ ಅವ್ವನಿಗೆ ಅರ್ಧ ಭರವಸೆ ಆಗಲೇ ಬಂದಿತ್ತು. ಆದರೆ ಆತ ಅವ್ವನ ಕಡೆ ನೋಡಿ ಕುರ್ಚಿ ತೋರಿಸುತ್ತಾ "ಬಾ" ಅಂದಾಗ ಅವಳ ಮುಖ ಗಂಟಾಯಿತು. ಗುಜರಾತಿಯಲ್ಲಿ ಬಾ ಅಂದರೆ ತಾಯಿ. "ಅವ್ವಾ, ಮರ್ಯಾದೆ ಕೊಟ್ಟೇ ಕರದಾನ" ಅಂತ ನಾನು ತಿಳಿಸಿ ಹೇಳಬೇಕಾಯಿತು.

ಕಾಕಾ ಮೊದಲು ಹೀರಾ ಘಸುತ್ತಿದ್ದವರು, ಅಂದರೆ ವಜ್ರ ಉಜ್ಜುವ ಕೆಲಸದವರು. 2008ರ ಕೊನೆಯಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು ಮುಗ್ಗರಿಸಿದಾಗ ಇಲ್ಲಿ ಕಾರ್ಖಾನೆಗಳ ಬಾಗಿಲು ಮುಚ್ಚಿದವು. ಸಾವಿರಾರು ಜನ ಕೆಲಸ ಕಳಕೊಂಡರು. ಅವರಲ್ಲಿ ಒಬ್ಬರಾದ ಕಾಕಾ ಭಾವಮೈದುನನ ಗ್ಯಾರೇಜು ಸೇರಿದರು. ಈಗಲೂ ಅಂಗಿ ಜೇಬಿನಲ್ಲಿ ವಜ್ರ ನೋಡುವ ಪುಟ್ಟ ಭೂತಗನ್ನಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು. ಸೆನ್ಸರ್ ಹೋಗಿದೆಯಂತೆ ಅಂದೆ. "ಜೋವು ಪಡ್ಶೆ" ಅಂದರು. ನೋಡಬೇಕಾಗುತ್ತೆ. ಅಷ್ಟೇ.

ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಒಬಿಡಿ-2 ವ್ಯವಸ್ಥೆ ಬಂದಿದೆ. ಡ್ಯಾಶ್‌ಬೋರ್ಡ್ ಕೆಳಗೆ, ಚಾಲಕನ ಮೊಣಕಾಲಿನ ಹತ್ತಿರ, 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸ್ಕ್ಯಾನರ್ ಸಿಕ್ಕಿಸಿದರೆ ಕಾರಿನ ಕಂಪ್ಯೂಟರ್ ತನ್ನ ದೂರನ್ನು ಕೋಡ್ ಆಗಿ ಹೇಳುತ್ತದೆ. ದೂರು ಅಷ್ಟೇ, ಅಪರಾಧಿಯ ಹೆಸರಲ್ಲ. ಪಿ0171 ಅಂದರೆ ಇಂಧನಕ್ಕಿಂತ ಗಾಳಿ ಹೆಚ್ಚಾಗಿದೆ ಅಂತ. ಆ ಮಾತು ಹೇಳಿದ್ದು ಆಕ್ಸಿಜನ್ ಸೆನ್ಸರ್. ದೂರು ಕೊಟ್ಟವನನ್ನೇ ಸರ್ವಿಸ್ ಸೆಂಟರಿನವರು ಜೈಲಿಗೆ ಹಾಕಲು ಹೊರಟಿದ್ದರು.

ಕಾಕಾನ ಅಣ್ಣನ ಮಗ ಟ್ಯಾಬ್ ಹಿಡಿದು ಕೂತ. ಕೋಡ್ ಓದಿ ನಿಲ್ಲಿಸಲಿಲ್ಲ. ದೂರು ದಾಖಲಾದ ಗಳಿಗೆಯಲ್ಲಿ ಎಂಜಿನ್ ಹೇಗಿತ್ತು ಅನ್ನುವುದನ್ನೂ ಕಂಪ್ಯೂಟರ್ ಬರೆದಿಟ್ಟಿರುತ್ತದೆ. ಎಂಜಿನ್ ಇನ್ನೂ ಬಿಸಿಯಾಗಿರಲಿಲ್ಲ, ಕಾರು ನಿಂತಲ್ಲೇ ಇತ್ತು. ಆಮೇಲೆ ಕಾರು ಚಾಲೂ ಮಾಡಿ ಫ್ಯುಯಲ್ ಟ್ರಿಮ್ ನೋಡಿದ. ಗಾಳಿ ಹೆಚ್ಚಾಯಿತು ಅನ್ನಿಸಿದಾಗ ಕಂಪ್ಯೂಟರ್ ಎಷ್ಟು ಹೆಚ್ಚುವರಿ ಇಂಧನ ಸುರಿಯುತ್ತಿದೆ ಅನ್ನುವ ಲೆಕ್ಕ ಅದು. ನಿಂತಲ್ಲಿ ಶೇ. 22. ಆಕ್ಸಿಲರೇಟರ್ ಒತ್ತಿ 2,500 ಸುತ್ತಿಗೆ ಏರಿಸಿದರೆ ಶೇ. 6ಕ್ಕೆ ಇಳಿಯಿತು. ಗ್ಯಾಸಿನಲ್ಲೂ ಹಾಗೇ, ಪೆಟ್ರೋಲಿಗೆ ಬದಲಿಸಿದರೂ ಹಾಗೇ. ಹಾಗಾಗಿ ಗ್ಯಾಸ್ ಕಿಟ್ಟಿನ ತಪ್ಪಲ್ಲ, ಪೆಟ್ರೋಲ್ ಪಂಪಿನದೂ ಇರಲಿಕ್ಕಿಲ್ಲ. ಎಲ್ಲೋ ಹೊರಗಿನ ಗಾಳಿ ಕಳ್ಳದಾರಿಯಲ್ಲಿ ಬರುತ್ತಿದೆ. ಎಲ್ಲಿಂದ?

ಒಳಗೆ ಗಾಳಿ ಎಳೆಯುವ ಪೈಪುಗಳನ್ನೆಲ್ಲ ತಡವಿದರು, ಏನೂ ಸಿಗಲಿಲ್ಲ. ಕಾಕಾ ತಲೆ ಕೆರೆದುಕೊಂಡು, ಬೆಳಿಗ್ಗೆ ಚಾಲೂ ಮಾಡಿದಾಗ ಏನಾದರೂ ಸದ್ದು ಬರುತ್ತದೆಯೇ ಅಂತ ಹಿಂದಿಯಲ್ಲಿ ಕೇಳಿದರು. ಇಲ್ಲ ಅಂದೆ. ಮಾತು ಏನೆಂದು ಅವ್ವ ಕೇಳಿದಳು, ಹೇಳಿದೆ.

"ಯಾಕಿಲ್ಲ? ದಿನಾ ನಸುಕಿನ್ಯಾಗ ಟಿಕ್ ಟಿಕ್ ಅಂತದಲ್ಲೊ. ಸ್ವಲ್ಪ ಹೊತ್ತಿಗೆ ನಿಂತ ಬಿಡ್ತದ. ನಾ ಹೊಲಿಗಿ ಮಷೀನ್ ಯಾರ್ದೋ ಅನ್ಕೊಂಡಿದ್ದೆ."

ನಾನು ಕಾರಿನಲ್ಲಿ ಹಾಡು ಹಾಕಿಕೊಂಡು ಕೂರುವವನು. ಬಾಲ್ಕನಿಯಲ್ಲಿ ಜಪಮಣಿ ಹಿಡಿದು ಕೂರುವ ಅವ್ವನಿಗೆ ಕೇಳಿಸಿದ್ದು ನನಗೆ ಕೇಳಿಸಿರಲಿಲ್ಲ. ಅನುವಾದ ಮಾಡುತ್ತಿದ್ದಂತೆ ಕಾಕಾನ ಮುಖ ಅರಳಿತು. "ಬಾ ಬರಾಬರ್ ಹೇಳಿದರು" ಅಂದರು.

ಎಂಜಿನ್ ಆರಲು ಬಿಟ್ಟು ಚಹಾ ತರಿಸಿದರು. ಆಮೇಲೆ ಹೊಗೆ ಹೊರಹೋಗುವ ಕಡೆ, ಎಂಜಿನ್ನಿಗೂ ಎಗ್ಜಾಸ್ಟ್ ಮ್ಯಾನಿಫೋಲ್ಡಿಗೂ ನಡುವಿನ ಬೆಸುಗೆಯ ಸಾಲಿಗೆ ಸೋಪಿನ ನೀರು ಬಳಿದರು. ಹುಡುಗ ಸೈಲೆನ್ಸರ್ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದ. ಚಾಲೂ ಮಾಡಿದ ಕೂಡಲೇ ಒಂದು ಮೂಲೆಯಲ್ಲಿ ಬುಳುಬುಳು ಗುಳ್ಳೆ. ಕಾಕಾ ಟಾರ್ಚ್ ಬಿಟ್ಟು, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಬಗ್ಗಿದರು. ಗ್ಯಾಸ್ಕೆಟ್ ಸುಟ್ಟು, ಕೂದಲಿನಂಥ ಕರಿ ಗೆರೆ.

ಅದು ಅವ್ವನ ಟಿಕ್ ಟಿಕ್. ತಣ್ಣಗಿದ್ದಾಗ ಸಂದು ತೆರೆದಿರುತ್ತದೆ. ಲೋಹ ಕಾದು ಹಿಗ್ಗಿದಾಗ ಬಹುಪಾಲು ಮುಚ್ಚಿಕೊಳ್ಳುತ್ತದೆ, ಸದ್ದು ನಿಲ್ಲುತ್ತದೆ. ಹೊಗೆ ಬಡಿದು ಬಡಿದು ಹೊರಹೋಗುವ ನಡುವೆ ಅದೇ ಸಂದಿನಿಂದ ಹೊರಗಿನ ಗಾಳಿಯೂ ಒಳಕ್ಕೆ ಬರುತ್ತದೆ. ಮುಂದೆಯೇ ಕೂತ ಸೆನ್ಸರ್ ಆ ಗಾಳಿಯನ್ನು ಮೂಸಿ ದೂರು ಕೊಡುತ್ತದೆ. ಅದನ್ನು ನಂಬಿ ಕಂಪ್ಯೂಟರ್ ಸುಮ್ಮನೆ ಇಂಧನ ಸುರಿಯುತ್ತದೆ. ಒಂದು ತಿಂಗಳಿಂದ ಮೈಲೇಜ್ ಬಿದ್ದದ್ದಕ್ಕೆ ನಾನು ಬಂಕಿನವರನ್ನು ಬೈಯುತ್ತಿದ್ದೆ.

ಆಮೇಲೆ ಕಾಕಾ ಹೇಳಿದ ಮಾತಿಗೆ ನನ್ನ ಬೆನ್ನು ತಣ್ಣಗಾಯಿತು. ಈ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ವಾಸನೆ ಇರದ ವಿಷ. ಚಳಿಗೆ ಕಿಟಕಿ ಏರಿಸಿ ಎರಡು ದಿನ ಹೋಗುವವರು ನೀವು, ಇದು ಒಳಗೆ ಬಂದರೆ ನಿದ್ದೆ ಬಂದಂತಾಗುತ್ತದೆ ಅಷ್ಟೇ, ಅಂದರು. ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಮಲಗುತ್ತಿದ್ದುದು ಅವ್ವ.

ತುಕ್ಕು ಹಿಡಿದ ಒಂದು ನಟ್ ಒಂದು ಗಂಟೆ ತಿಂದಿತು. ಹೊಸ ಗ್ಯಾಸ್ಕೆಟ್, ನಡುವಿನಿಂದ ಅಂಚಿನ ಕಡೆಗೆ ಒಂದೊಂದೇ ನಟ್ ಬಿಗಿದದ್ದು, ಎಲ್ಲ ಸೇರಿ 1,600 ರೂಪಾಯಿ. ಕೋಡ್ ಅಳಿಸಿ ಅಮ್ರೋಲಿ ಸೇತುವೆ ದಾಟಿಸಿ ವಾಪಸ್ ಕರೆತಂದು ಮತ್ತೆ ಟ್ಯಾಬ್ ನೋಡಿದರು. ಟ್ರಿಮ್ ಶೇ. 3. ಅಳಿಸುವುದೇನು, ಯಾರು ಬೇಕಾದರೂ ಅಳಿಸಬಹುದು, ತಪ್ಪು ಉಳಿದಿದ್ದರೆ ದೀಪ ತಾನಾಗಿ ಬರುತ್ತೆ ಅಂದರು. ದಾರಿಯಲ್ಲಿ ಅದು ಸುಮ್ಮನೆ ಹತ್ತಿಕೊಂಡರೆ ನಿಧಾನಕ್ಕೆ ಮುಂದಿನ ಊರು ಸೇರಿ ತೋರಿಸಿ. ಮಿಣುಕಿದರೆ ಮಾತ್ರ ವೇಗ ಇಳಿಸಿ ಬದಿಗೆ ನಿಲ್ಲಿಸಿಬಿಡಿ, ಎಂಜಿನ್ನಿನಲ್ಲಿ ಉರಿಯದ ಇಂಧನ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ. ಕೆಂಪು ದೀಪ ಯಾವುದೇ ಬಂದರೂ ಅಲ್ಲೇ ನಿಲ್ಲಿ.

ಹೊರಡುವಾಗ ಅವ್ವನ ಕೈಗೆ ಒಂದು ಚೀಲ ಕೊಟ್ಟರು. ಪಾಪ್ಡಿ. ಈ ಚಳಿಗಾಲದಲ್ಲಿ ಸೂರತ್ ಪೂರ್ತಿ ಊಂಧಿಯು ಮಾಡುವುದು ಇದರಲ್ಲೇ, ಕತಾರ್‌ಗಾಮ್ ಪಾಪ್ಡಿ ಅಂದರೆ ಹೆಸರುವಾಸಿ. ಅದನ್ನು ಬೆಳೆಯುತ್ತಿದ್ದ ಹೊಲಗಳ ಮೇಲೆ ಈಗ ನಮ್ಮಂಥವರ ಅಪಾರ್ಟ್‌ಮೆಂಟುಗಳಿವೆ. ಅವ್ವ ಒಂದು ಕಾಯಿ ಸಿಗಿದು ಮೂಸಿ ನೋಡಿದಳು. "ಇದು ಅವರಿಕಾಯಿ ಅಲ್ಲೇನೋ!" ನಿಜ, ಒಂದೇ ಬಳ್ಳಿಯ ಜಾತಿ.

ಶನಿವಾರ ನಸುಕಿನ ನಾಲ್ಕೂವರೆಗೆ ಕೀಲಿ ತಿರುಗಿಸಿದೆ. ಎಲ್ಲ ದೀಪಗಳೂ ಹತ್ತಿದವು, ಎಂಜಿನ್ ಚಾಲೂ ಆದ ಮೇಲೆ ಹಳದಿಯೂ ಆರಿತು. ಹಾಡು ಹಾಕಲಿಲ್ಲ. ಅವ್ವ ಬಾನೆಟ್ಟಿನ ಪಕ್ಕ ತಲೆ ಓರೆ ಮಾಡಿ ಒಂದು ನಿಮಿಷ ನಿಂತಳು. ಆಮೇಲೆ ಹಿಂದಿನ ಬಾಗಿಲು ತೆಗೆದು, ಪಾಪ್ಡಿ ಚೀಲ ಕಾಲ ಬಳಿ ಇಟ್ಟುಕೊಂಡು, "ನಡಿ ಇನ್ನ" ಅಂದಳು.