ಬಿಟ್ಟಂಗಾಲದ ಓಣಿಗಳು

ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಸಾಗುವ ಮಾರ್ಗದಲ್ಲಿ ಬಿಟ್ಟಂಗಾಲವೆಂಬ ಗ್ರಾಮವಿದೆ. ಬಯಲುಸೀಮೆಯ ಬಂಧುಗಳು ಇಲ್ಲಿ ಬಸ್ಸಿನಿಂದ ಇಳಿದರೆ 'ಊರೆಲ್ಲಿ?' ಎಂದೇ ಕೇಳುವರು. ಊರ ಅಗಸೆಯಿಲ್ಲ, ಗೋಡೆಗೆ ಗೋಡೆ ತಾಗಿದ ಮನೆಗಳ ಕೇರಿಗಳಿಲ್ಲ. ಕೊಡಗಿನ ಹಳೆಯ ವಾಡಿಕೆಯಲ್ಲಿ ಒಂದೊಂದು ಒಕ್ಕದ ಐನ್‌ಮನೆಯೂ ತನ್ನ ಗದ್ದೆ-ತೋಟಗಳ ನಡುವೆ ಬೇರೆಯಾಗಿಯೇ ನಿಲ್ಲುತ್ತದೆ.

ಆ ಮನೆಗೆ ಹೋಗುವ ದಾರಿಗೆ ಓಣಿ ಎಂದು ಹೆಸರು. ಧಾರವಾಡದ ಕಡೆ ಓಣಿಯೆಂದರೆ ಎರಡೂ ಬದಿ ಮನೆಗಳು, ಕಟ್ಟೆಯ ಮೇಲೆ ಕುಳಿತ ಹಿರಿಯರು, ಮಕ್ಕಳ ಗದ್ದಲ. ಇಲ್ಲಿ ಅದೇ ಶಬ್ದಕ್ಕೆ ಎತ್ತರದ ಎರಡು ಮಣ್ಣಿನ ಬರೆಗಳ ನಡುವೆ ಅಂಕುಡೊಂಕಾಗಿ ಸಾಗುವ ದಾರಿಯೆಂದು ಅರ್ಥ. ಕೊನೆಯ ತಿರುವಿನವರೆಗೆ ಮನೆಯೇ ಕಾಣದು. ಶತ್ರುಗಳು ಗುಂಪಾಗಿ ನುಗ್ಗದಿರಲೆಂಬ ಎಚ್ಚರವೂ ಆ ಇಕ್ಕಟ್ಟಿನಲ್ಲಿದೆ. ಸಾಲುಮನೆಗಳ ಪೇಟೆಯನ್ನು ನೋಡಬೇಕೆಂದರೆ ವಿರಾಜಪೇಟೆಗೇ ಹೋಗಬೇಕು. ಅದನ್ನು 1792ರಲ್ಲಿ ಕಟ್ಟಿಸಿದವನು ಲಿಂಗಾಯತ ಅರಸುಮನೆತನವಾದ ಹಾಲೇರಿಯ ದೊಡ್ಡ ವೀರರಾಜೇಂದ್ರ.

ಚದುರಿದ ಮನೆಗಳೆಂದರೆ ಅಮೆರಿಕದ ಹಳ್ಳಿಗಾಡೂ ಹಾಗೆಯೇ. ಅಲ್ಲಿನ 1862ರ ಹೋಮ್‌ಸ್ಟೆಡ್ ಕಾಯಿದೆಯು 160 ಎಕರೆಯವರೆಗೆ ಭೂಮಿ ಕೊಟ್ಟು, ಪಡೆದವನು ಅಲ್ಲಿಯೇ ವಾಸಿಸಬೇಕೆಂದು ವಿಧಿಸಿತು, ಮನೆಗಳು ದೂರದೂರವಾದವು. ಬೀದಿಗಳ ಅಳತೆಯೂ ದೊಡ್ಡದೇ. 1847ರಲ್ಲಿ ಸಾಲ್ಟ್ ಲೇಕ್ ಸಿಟಿಯನ್ನು ರೂಪಿಸಿದವರು ಬೀದಿಗಳಿಗೆ 132 ಅಡಿ ಅಗಲವಿಟ್ಟರು! ಯುರೋಪಿನ ಹಳೆಯ ನಗರಗಳಾದರೋ ಕಾಲ್ನಡೆಯ ಅಳತೆಯವು. ವೆನಿಸ್ಸಿನ ಹಳೆಯ ಭಾಗದಲ್ಲಿ ಇಂದಿಗೂ ಮೋಟಾರು ಓಡುವುದಿಲ್ಲ.

ಬಿಟ್ಟಂಗಾಲದಂಥ ಗ್ರಾಮಗಳ ತೊಡಕು ವಿಚಿತ್ರವಾದುದು: ಮನೆಗಳ ನಡುವಣ ಅಂತರ ಅಮೆರಿಕದ್ದು, ದಾರಿಯ ಅಗಲ ಯುರೋಪಿನದು. ಹೆರಿಗೆಯ ಹೆಣ್ಣುಮಗಳನ್ನೂ ಹಾಸಿಗೆ ಹಿಡಿದ ಹಿರಿಯರನ್ನೂ ಓಣಿಯುದ್ದಕ್ಕೂ ಹೊತ್ತೇ ತರಬೇಕೆಂದು ಯಾರೂ ಹೇಳಲಾರರು. ಜೀಪು ಬರುವಷ್ಟು ದಾರಿ ಬೇಕು, ಅದು ನ್ಯಾಯವೇ. ಆದರೆ ಬರೆಯ ಬುಡ ಕಡಿದು ಪಟ್ಟಣದ ಬೀದಿಯನ್ನೇ ಇಲ್ಲಿಗೆ ತರಹೊರಟರೆ ಮಳೆ ಒಪ್ಪುವುದಿಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತ ಬೆಟ್ಟಗಳು ಕುಸಿದು, ಸಂಪಾಜೆಯ ಕಡೆಯ ಹೆದ್ದಾರಿ ಕಡಿದುಹೋಯಿತು. ಮರುವರ್ಷವೇ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಜಾರಿ ಜೀವಗಳು ಹೋದವು. ಇಂಥ ಕುಸಿತಕ್ಕೆ ಕಾರಣ ಒಂದೇ ಇರುವುದಿಲ್ಲ, ನಿಜ. ಆದರೂ ಬುಡ ಕಡಿದ ಇಳಿಜಾರು ನೀರು ಕುಡಿದ ಮೇಲೆ ನಿಲ್ಲುವುದು ಕಷ್ಟ.

ರಸ್ತೆಯ ಅಗಲವನ್ನು ಗೊತ್ತುಮಾಡುವವರು ಬೇಸಿಗೆಯಲ್ಲಿ ಟೇಪು ಹಿಡಿದು ಬಂದರಷ್ಟೇ ಸಾಲದು, ಜುಲೈ ತಿಂಗಳಲ್ಲಿಯೂ ಒಮ್ಮೆ ಬರಲಿ. ಬರೆಯ ನೀರು ಯಾವ ಕಡೆ ಇಳಿಯುತ್ತದೆಂಬುದನ್ನು ಆ ಮನೆಯ ಹಿರಿಯರೇ ಕೊಡೆ ಹಿಡಿದು ತೋರಿಸುವರು.