ಮೊದಲನೆಯದು ಮತ್ತು ಶೇಷ

ಹಾಜರಿ ಪುಸ್ತಕವಾಗಲಿ, ಜಮಾಖರ್ಚಿನ ವಹಿಯಾಗಲಿ, ಅದರ ಮೊದಲ ಸಾಲು ಸಾಮಾನ್ಯವಾಗಿ ಶೀರ್ಷಿಕೆ. ಅದರ ಕೆಳಗಿನವು ಮಾತ್ರ ವಿವರ. ಇವೆರಡನ್ನು ಬೇರ್ಪಡಿಸಿ ಓದುವುದು ಮನುಷ್ಯನ ಕಣ್ಣಿಗೆ ಸುಲಭ. ಗಣಕಯಂತ್ರಕ್ಕೆ ಅದನ್ನು ಹೇಳಿಕೊಡಬೇಕು. ಪೈಥಾನ್ ಭಾಷೆಯನ್ನು ಮಕ್ಕಳಿಗೆ ಕಲಿಸುವ ನನಗೆ ಈ ಸಣ್ಣ ಕೆಲಸವೇ ಒಂದು ದೊಡ್ಡ ಪಾಠವಾಗಿ ಕಂಡಿದೆ.

ಪೈಥಾನ್ ಎಣಿಕೆಯನ್ನು ಸೊನ್ನೆಯಿಂದ ಆರಂಭಿಸುತ್ತದೆ. ಆದಕಾರಣ ಪಟ್ಟಿ[0] ಎಂದರೆ ಮೊದಲನೆಯ ಅಂಶ. ಪಟ್ಟಿ[1:] ಎಂದರೆ ಉಳಿದವೆಲ್ಲ ಸೇರಿದ ಹೊಸದೊಂದು ಪಟ್ಟಿ. ಮೂಲಕ್ಕೆ ಧಕ್ಕೆಯಿಲ್ಲ. ಪಾಪ್(0) ಎಂಬ ಆದೇಶದ ರೀತಿಯೇ ಬೇರೆ. ಅದು ಮೊದಲನೆಯದನ್ನು ಮೂಲಪಟ್ಟಿಯಿಂದಲೇ ಕಿತ್ತು ಕೈಗೆ ಕೊಡುತ್ತದೆ. ಉಳಿದವೆಲ್ಲ ಒಂದೊಂದು ಸ್ಥಾನ ಮುಂದಕ್ಕೆ ಸರಿಯುತ್ತವೆ.

ಈ ಭೇದದ ಗಾಂಭೀರ್ಯ ನನಗೆ ಮನವರಿಕೆಯಾದುದು ವಿದ್ಯಾರ್ಥಿವೇತನದ ಯಾದಿಯೊಂದನ್ನು ಪರಿಶೀಲಿಸುವಾಗ. ಆ ಕ್ರಮವಿಧಿಯನ್ನು ಬರೆದವರು ಶೀರ್ಷಿಕೆಯನ್ನು ಪಾಪ್(0)ನಿಂದ ತೆಗೆದಿದ್ದರು. ಒಂದೇ ಯಾದಿಯನ್ನು ಮೊತ್ತ ಕೂಡಿಸಲು ಒಮ್ಮೆ, ಮುದ್ರಿಸಲು ಒಮ್ಮೆ ಹೀಗೆ ಬಳಸಿದಾಗ, ಎರಡನೆಯ ಸಲ ತೆಗೆಯಲು ಶೀರ್ಷಿಕೆಯೇ ಉಳಿದಿರಲಿಲ್ಲ. ಮೊದಲ ವಿದ್ಯಾರ್ಥಿನಿಯ ಹೆಸರು ಹೊರಬಿದ್ದಿತ್ತು. ಯಂತ್ರವು ಯಾವ ದೋಷವನ್ನೂ ಸಾರಲಿಲ್ಲ. ಅಚ್ಚಾದ ಹೆಸರುಗಳನ್ನು ಅರ್ಜಿಗಳೊಡನೆ ತಾಳೆ ನೋಡಿದ್ದರಿಂದ ಮಾತ್ರ ಆ ಬಾಲಕಿಯ ಪಾಲು ಅವಳಿಗೆ ಉಳಿಯಿತು.

2008ರ ಡಿಸೆಂಬರಿನಲ್ಲಿ ಹೊರಬಂದ ಪೈಥಾನ್ 3.0 ಇದಕ್ಕೆ ಸೊಗಸಾದ ಮಾರ್ಗವೊಂದನ್ನು ಒದಗಿಸಿತು:

ತಲೆ, *ಶೇಷ = ಪಟ್ಟಿ

ಎಡಗಡೆಯ ಮೊದಲ ಹೆಸರಿಗೆ ಮೊದಲನೆಯ ಅಂಶ; ನಕ್ಷತ್ರಚಿಹ್ನೆಯುಳ್ಳ ಹೆಸರಿಗೆ ಉಳಿದುದೆಲ್ಲ. ಮೂಲಪಟ್ಟಿ ಇದ್ದಂತೆಯೇ ಇರುತ್ತದೆ. ಅದೇ ಆವೃತ್ತಿಯಿಂದ ಕನ್ನಡ ಲಿಪಿಯ ಹೆಸರುಗಳನ್ನೂ ಈ ಭಾಷೆ ಒಪ್ಪುವುದರಿಂದ ಮಕ್ಕಳು ಈ ಸಾಲನ್ನು ಹೀಗೆಯೇ ಬರೆಯಬಲ್ಲರು. ಪಟ್ಟಿಯಲ್ಲಿ ಒಂದೇ ಅಂಶವಿದ್ದರೆ ಶೇಷವು ಬರಿದಾಗಿರುತ್ತದೆ. ಏನೂ ಇಲ್ಲದಿದ್ದರೆ ಪೈಥಾನ್ ದೋಷವನ್ನು ಸಾರಿ ನಿಂತುಬಿಡುತ್ತದೆ. ಮೌನವಾಗಿ ಮುಂದುವರಿಯುವುದಕ್ಕಿಂತ ಹಾಗೆ ನಿಲ್ಲುವುದು ಲೇಸು.

ಕಿತ್ತು ತೆಗೆಯುವುದು ಎಂದೂ ಸಲ್ಲದೆಂದಲ್ಲ. ಸರದಿಯಲ್ಲಿ ಕಾದವರನ್ನು ಒಬ್ಬೊಬ್ಬರಾಗಿ ಕಳುಹಿಸಿಕೊಡುವಂತಹ ಕೆಲಸಕ್ಕೆ ಅದೇ ಯುಕ್ತ. ಅದಕ್ಕೆಂದೇ ಡೆಕ್ ಎಂಬ ರಚನೆಯೂ ಪಾಪ್‌ಲೆಫ್ಟ್ ಎಂಬ ಆದೇಶವೂ ಉಂಟು. ಅಲ್ಲಿ ಉಳಿದವರು ಜಾಗ ಬದಲಿಸಬೇಕಾಗಿಲ್ಲ. ಆದರೆ ದಾಖಲೆಯ ಮಾತು ಬೇರೆ. ವಿದ್ಯಾರ್ಥಿಮಿತ್ರರು ಯಾವುದೇ ಪಟ್ಟಿಯಿಂದ ಒಂದನ್ನು ತೆಗೆಯುವ ಮೊದಲು, ಈ ಪಟ್ಟಿ ನಮ್ಮ ತರುವಾಯ ಇನ್ನೊಬ್ಬರಿಗೂ ಬೇಕಾದೀತೇ ಎಂದು ಕೇಳಿಕೊಳ್ಳಲಿ.