ಕೋಕಾ ಎಲಿ ಮತ್ತ ಸೊಸಿ ಕುಡೀಲಾರದ ಚಹಾ

ಪೆರು ದೇಶಕ್ಕ ಹೋಗಿ ಬಂದು ಎರಡು ತಿಂಗಳಾತು, ಬರೀತೀನಿ ಬರೀತೀನಿ ಅಂದು ಒಂದಕ್ಷರ ಬರದಿಲ್ಲ ಅಂತ ವೈನಿಯವರು ಮೊನ್ನೆ ಬೈದ್ರು. ಮಾಚು ಪಿಚುವಿನ ಫೋಟೋ ಎಲ್ಲಾರೂ ನೋಡೀರಿ, ಅದರ ಬಗ್ಗೆ ಮತ್ತೇನೂ ಬರಿಯೂದಿಲ್ಲ. ಇವತ್ತು ಬರಿಯೂದು ಒಂದು ಎಲಿ ಬಗ್ಗೆ, ಮತ್ತ ಆ ಎಲಿ ಸಲುವಾಗಿ ನಾ ಸೊಸಿ ಮ್ಯಾಲೆ ಸಿಟ್ಟಾಗಿ ಕೂತಿದ್ದರ ಬಗ್ಗೆ.

ಲಿಮಾ ಸಮುದ್ರದ ದಂಡಿ ಊರು. ಅಲ್ಲಿಂದ ವಿಮಾನ ಏರಿದ್ರ ತಾಸೂವರಿಯೊಳಗ ಕುಸ್ಕೋ, ಸುಮಾರು 3,400 ಮೀಟರ್ ಎತ್ತರ. ನಮ್ಮ ಧಾರವಾಡ 750 ಇದ್ದೀತು, ಅಷ್ಟಕ್ಕಽ ನಾವು ಗುಡ್ಡದ ಊರವರು ಅಂತ ಹೇಳ್ಕೊತೀವಿ! ಸಮುದ್ರದ ದಂಡಿಗೆ ಸಿಗೂ ಆಕ್ಸಿಜನ್ನಿನಾಗ ಅಲ್ಲಿ ಮೂರರಾಗ ಎರಡು ಪಾಲು ಅಷ್ಟಽ. ನಾಲ್ಕು ಮೆಟ್ಟಲಾ ಏರಿದ್ರ ಎದಿ ಢವಢವ, ತಲಿ ಒಳಗ ಯಾರೋ ಅವಲಕ್ಕಿ ಕುಟ್ಟಿದಂಗ. ಅದಕ್ಕ ಅವರು ಸೊರೋಚೆ ಅಂತಾರ.

ನಾವಿಳಕೊಂಡ ಮನಿ ಹೆಣ್ಣಮಗಳು, ನನ್ನ ವಯಸ್ಸಿನಾಕಿ, ನಮ್ಮನ್ನ ನೋಡಿದವಳಽ ಬಿಸಿನೀರಾಗ ಹಸರು ಎಲಿ ಹಾಕಿ ತಂದಿಟ್ಲು. ಮಾತೆ ದೆ ಕೋಕಾ. ರುಚಿ ಅಂಥಾದ್ದೇನಿಲ್ಲ, ಒಣಹುಲ್ಲು ಕುದಿಸಿದಂಗ, ಸ್ವಲ್ಪ ಕಹಿ. ನಾ ಕುಡದೆ, ಮಗ ಕುಡದ. ಸೊಸಿ ಮಾತ್ರ ಕಪ್ಪು ಹಿಡಕೊಂಡು ನಕ್ಕೋತ ಕೂತು, ಆಕಿ ಒಳಗ ಹೋದಕೂಡ್ಲೆ ಕೆಳಗಿಟ್ಲು. ನನಗ ಮೈಯೆಲ್ಲಾ ಉರೀತು. ಮನಿಗೆ ಬಂದವರಿಗೆ ನಾವು ಕೊಟ್ಟ ಚಹಾ ಹಿಂಗ ಬಿಟ್ಟು ಎದ್ರ ಹ್ಯಾಂಗ ಅನಸ್ತದ? ಕನ್ನಡದಾಗಽ ಎರಡು ಮಾತು ಅಂದೆ. ಆಕಿ ಏನೂ ಹೇಳಲಿಲ್ಲ. ನಾನೂ ಎರಡು ದಿನ ಮಾತು ಬಿಟ್ಟೆ.

ಮರುದಿನ ಸಾನ್ ಪೆದ್ರೋ ಸಂತೀಗೆ ಹೋದ್ವಿ. ಒಂದು ಸಾಲಿನಾಗ ಚೀಲ ಚೀಲ ಕೋಕಾ ಎಲಿ, ಬಾಜೂಕ ಬೂದಿಬಣ್ಣದ ಗಟ್ಟಿ ಉಂಡಿ. ಅದರ ಹೆಸರು ಯಿಪ್ತಾ, ಕಿನೋವಾ ಕಡ್ಡಿ ಸುಟ್ಟ ಬೂದಿಯಿಂದ ಮಾಡಿದ್ದು. ಕೆಲವು ಕಡೆ ಸುಣ್ಣಾನೂ ಹಾಕ್ತಾರಂತ. ಎಲಿ ನಾರು ತಗದು ಗಲ್ಲದ ಸಂದ್ಯಾಗ ಒತ್ತಿಟ್ಟುಕೊಂಡು, ಈ ಬೂದಿ ಒಂದು ಚೂರು ಸೇರಸ್ತಾರ. ಅಗದು ನುಂಗೂದಲ್ಲ, ರಸ ಹೀರಕೋತ ತಾಸುಗಟ್ಟಲೆ ಇಟ್ಟುಕೊಳ್ಳೂದು. ಬೂದಿಯ ಖಾರ ಗುಣ ಎಲಿಯೊಳಗಿನ ಸತ್ವ ಬಿಡಸ್ತದ. ನಾಕೆಂಟು ಎಲಿ ನಾನೂ ಇಟ್ಟು ನೋಡಿದೆ, ಹಲ್ಲಿಗೆ ಲವಂಗದೆಣ್ಣಿ ಹಚ್ಚಿದಾಗಿನಂಗ ಗಲ್ಲ ಜೋಮು ಹಿಡೀತು.

ಅಲ್ಲಿ ಬಹಳ ಹೊತ್ತು ನಿಂತೆ. ನಮ್ಮವ್ವನ ನೆನಪಾತು.

ಮಾರಾಕಿ ಕೈಸನ್ನಿ ಮಾಡಿ ಹೇಳಿದ್ಲು, ಇದಿದ್ರ ದಣಿವು ಇಲ್ಲ, ಹಸಿವಿ ಇಲ್ಲ ಅಂತ. ಮಗ ಇತಿಹಾಸ ಹೇಳಿದ. ಸ್ಪೇನಿನವರು ಬಂದಾಗ ಅವರ ಪಾದ್ರಿಗಳು ಇದು ಸೈತಾನನ ಎಲಿ ಅಂದ್ರಂತ. ಆಮ್ಯಾಲೆ ಪೊಟೊಸಿಯ ಬೆಳ್ಳಿ ಗಣಿಯೊಳಗ ಈ ಎಲಿ ಇಲ್ಲದ ಕೆಲಸ ಸಾಗಂಗಿಲ್ಲ ಅಂತ ಗೊತ್ತಾದ ಮ್ಯಾಲೆ ಅದಽ ಎಲಿ ಮ್ಯಾಲೆ ತೆರಗಿ ಹಾಕಿ ರೊಕ್ಕಾ ಮಾಡಿದ್ರು. ಹೊಟ್ಟಿಗೆ ಕೂಳಿನ ಬದಲಿ ಗಲ್ಲಕ್ಕ ಎಲಿ. ನಮ್ಮವ್ವ ಹದಿನಾಕು ಮಂದಿಗೆ ಬಡಿಸಿ ಮೂರರ ಹೊತ್ತಿಗೆ ಊಟಕ್ಕ ಕೂಡ್ತಿದ್ಲು. ಅಲ್ಲೀತನಕಾ ಎಲಿ, ಸುಣ್ಣ, ಚೂರು ತಂಬಾಕು. “ಹಸಿವಿ ತಿಳಿಯಂಗಿಲ್ಲವಾ” ಅಂತಿದ್ಲು. ಕಡೀಕೆ ಅದಽ ಗಲ್ಲದಾಗ ಹುಣ್ಣಾತು, ಮುಂದಿಂದು ನಿಮಗೆಲ್ಲಾ ಗೊತ್ತದ. ಕೋಕಾ ಎಲಿ ಬ್ಯಾರೆ, ನಮ್ಮ ತಂಬಾಕು ಬ್ಯಾರೆ, ಎರಡೂ ಒಂದಽ ಅಂತ ನಾ ಹೇಳಂಗಿಲ್ಲ. ಆದ್ರ ಹಸಿವಿ ತಿಳೀಲಾರದಂಗ ಮಾಡಿದ್ರ ಹಸಿವಿ ಹೋಗಂಗಿಲ್ಲ ನೋಡ್ರಿ.

ಅಲ್ಲಿ ಮಂದಿಗೆ ಅದು ಬರೇ ಹಸಿವಿ ಎಲಿ ಅಲ್ಲ. ಚಂದನ್ನ ಮೂರು ಎಲಿ ಜೋಡಿಸಿ, ಉಸರು ಊದಿ, ಭೂಮಿತಾಯಿ ಪಚಮಾಮಾಗ ಅರ್ಪಿಸ್ತಾರ. ನಾವು ಎಲಿ ಅಡಕಿ ಇಟ್ಟು ಶುಭಕಾರ್ಯಕ್ಕ ಕರದಂಗ.

ಆ ರಾತ್ರಿ ನನ್ನ ತಲಿಬ್ಯಾನಿ ತಡೀಲಾರದಂಗಾತು. ಕೋಕಾ ಚಹಾ ಕುಡದ್ರ ಹೋಗ್ತದ ಅಂತ ಸಂಜೀತನಕಾ ಐದು ಕಪ್ಪು ಕುಡದಿದ್ದೆ, ಉಸರು ಸಾಲಲಿಕ್ಕಿಲ್ಲ ಅಂತ ಯಾರಿಗೂ ಹೇಳಿರಲಿಲ್ಲ. ನೋಡಿ ಕಂಡು ಹಿಡದಾಕಿ ಸೊಸೀನಽ. ಬಳ್ಳಿಗೆ ಯಂತ್ರ ಹಾಕಿದ್ರ ಆಕ್ಸಿಜನ್ 80, ಬಿ.ಪಿ. ನೋಡಿದ್ರ 170. ಡಾಕ್ಟರು ಬಂದು ಆಕ್ಸಿಜನ್ ಹಚ್ಚಿ, ಬೆಳಗಾದಕೂಡ್ಲೆ ಕೆಳಗಿನ ಊರಿಗೆ ಇಳೀರಿ ಅಂದ್ರು. ಚಹಾದಿಂದ ಜೀವಕ್ಕ ಸ್ವಲ್ಪ ಚುರುಕು ಅನಸ್ತದ, ಆದ್ರ ಎತ್ತರದ ಬ್ಯಾನಿಗೆ ಅದು ಔಷಧ ಅಲ್ಲ, ಎದಿಬಡಿತ ಬಿ.ಪಿ. ಏರಿಸಲೂ ಬಹುದು ಅಂತ ಬೈದ್ರು. ಬಿ.ಪಿ. ಗುಳಿಗಿ ತಗೊಳ್ಳೂ ಅಕ್ಕಗಳಿರಾ, ಇದು ನಿಮಗೂ.

ರಾತ್ರಿಯೆಲ್ಲಾ ಬಾಜೂಕ ಕೂತಾಕಿ ಸೊಸಿ. ನಡುರಾತ್ರಿ ಆಕಿಯಽ ಹೇಳಿದ್ಲು. ಕೆಲಸ ಹೋಗಿ ನಾಕು ತಿಂಗಳಾಗಿತ್ತಂತ. ನನಗ ಚಿಂತಿ ಬ್ಯಾಡ ಅಂತ ಇಬ್ಬರೂ ಮುಚ್ಚಿಟ್ಟಿದ್ರು. ಹೊಸಾ ಕೆಲಸ ಸಿಕ್ಕದ, ಅಮೆರಿಕಾಕ್ಕ ಹೋದಕೂಡ್ಲೆ ಮೂತ್ರ ಪರೀಕ್ಷಾ. ಎಲಿಯೊಳಗ ಕೊಕೇನಿನ ಅಂಶ ನೂರಕ್ಕ ಒಂದರಷ್ಟೂ ಇರಂಗಿಲ್ಲ, ಆದ್ರ ಒಂದು ಕಪ್ಪು ಚಹಾ ಕುಡದ್ರೂ ಪರೀಕ್ಷಾದಾಗ ಸಿಗ್ತದ, ಚಹಾ ಕುಡದೆ ಅಂದ್ರ ಯಾರು ನಂಬ್ತಾರ ಅತ್ತಿ ಅಂದ್ಲು. ನನಗ ಮಾತು ಹೊರಡಲಿಲ್ಲ. ಆಕ್ಸಿಜನ್ ನಳಿಗಿ ಮೂಗಿನಾಗ ಇತ್ತು, ಅದೊಂದು ನೆವ. ಆಕಿ ಕೈ ಹಿಡಕೊಂಡೆ.

ಮುಂಜಾನೆ ಉರುಬಂಬಾಕ್ಕ ಇಳದ್ವಿ, ಐದುನೂರು ಮೀಟರ್ ಕೆಳಗ. ಸಂಜೀಕೆ ಅನ್ನ ಸೇರ್ತು.

ನಿಮಗೆಲ್ಲಾ ಒಂದೊಂದು ಪುಡಿಕಿ ಕೋಕಾ ಚಹಾ ತರಬೇಕು ಅಂತ ಹತ್ತು ಡಬ್ಬಿ ಆರಿಸಿಟ್ಟಿದ್ದೆ, ಅದನ್ನೂ ಸೊಸೀನಽ ತಿರುಗಿ ಇಡಿಸಿದ್ಲು. ಪೆರುವಿನಾಗ ಕಿರಾಣಿ ಅಂಗಡ್ಯಾಗ ಸಿಗೂ ಸಾಮಾನು, ಅಮೆರಿಕಾದಾಗ ತರೋ ಹಂಗಿಲ್ಲ. ನಮ್ಮಲ್ಲೂ 1985ರ ಕಾಯ್ದೆ ಪ್ರಕಾರ ಕೋಕಾ ಎಲಿ ಇಟ್ಟುಕೊಂಡ್ರ ಜೇಲು. ಈ ವಯಸ್ಸಿನಾಗ ವಿಮಾನ ನಿಲ್ದಾಣದಾಗ ಪೊಲೀಸರ ಮುಂದ ಚಹಾಪುಡಿ ಅಂತ ಕೂತಿರ್ತಿದ್ದೆ!

ಸೊಸಿ ಕೆಲಸಕ್ಕ ಸೇರಿದ್ಲು, ಹೋದ ವಾರ ಮೊದಲನೇ ಪಗಾರ ಬಂತಂತ ಫೋನ್ ಮಾಡಿದ್ಲು. ನಿಮ್ಮ ಸಲುವಾಗಿ ತಂದದ್ದು ಅಲ್ಪಾಕಾ ಉಣ್ಣಿ ಟೊಪ್ಪಿಗಿ ಅಷ್ಟಽ. ಶನಿವಾರ ಮಧ್ಯಾಹ್ನ ಬಂದು ಬಣ್ಣ ಆರಿಸಿ ಒಯ್ರಿ, ಕೆಂಪು ಎರಡಽ ಅವ.